ನಿಜವಾದ ಕೊಲೆಯಿಂದ ಹುಟ್ಟಿದ ಕಾದಂಬರಿ: ‘ದಿ ಮೂನ್‌ಸ್ಟೋನ್’ ಓದಬೇಕೋ, ‘ಏಲಿಯಾಸ್ ಗ್ರೇಸ್’ ಓದಬೇಕೋ?

ವಿಕ್ಟೋರಿಯಾ ರಾಣಿಯ ಕಾಲದ ನಿಜವಾದ ಕೊಲೆ ಕೇಸನ್ನು ಇಟ್ಟುಕೊಂಡು ಬರೆದ ಕಾದಂಬರಿ ಓದಬೇಕು ಅನ್ನುವವರಿಗೆ ನಾನು ಎರಡು ಹೆಸರು ಹೇಳುತ್ತೇನೆ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಒಂದು, ಮಾರ್ಗರೆಟ್ ಅಟ್‌ವುಡ್ 1996ರಲ್ಲಿ ಬರೆದ ‘ಏಲಿಯಾಸ್ ಗ್ರೇಸ್’ ಇನ್ನೊಂದು. ಎರಡನ್ನೂ ಓದಿದ ಮೇಲೆ ನನ್ನ ಮತ ಗ್ರೇಸ್‌ಗೆ. ಆದರೆ ಮೂನ್‌ಸ್ಟೋನನ್ನು ಬದಿಗಿಡೋದು ಸುಲಭ ಅಲ್ಲ, ಅದರಲ್ಲೂ ನಮ್ಮ ಕಡೆಯವರಿಗೆ.

ಯಾಕೆಂದರೆ ಅದು ಶುರುವಾಗುವುದೇ ಶ್ರೀರಂಗಪಟ್ಟಣದಲ್ಲಿ. 1799ರ ಮೇ 4, ಕೋಟೆ ಬಿದ್ದ ದಿನ. ಟಿಪ್ಪುವಿನ ಅರಮನೆಯಲ್ಲಿ ಲೂಟಿ ನಡೆಯುತ್ತಿದೆ. ಹರ್ನ್‌ಕಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಬಾಕು ಹಿಡಿದು ನಿಂತಿದ್ದಾನೆ. ಬಾಕಿನ ಹಿಡಿಯಲ್ಲೇ ಆ ವಜ್ರ. ವಜ್ರದ ಕಥೆ ಕಲ್ಪನೆ, ಆ ದಿನದ ಲೂಟಿ ನಿಜ. ಆ ಕಾಲದ ಇಂಗ್ಲಿಷ್ ಲೇಖಕರೊಬ್ಬರು ಆ ಗೆಲುವಿನ ನಡುವೆ ತಮ್ಮವನನ್ನೇ ಕಳ್ಳ, ಕೊಲೆಗಾರ ಅಂತ ತೋರಿಸಿದ್ದು ನನಗೆ ದೊಡ್ಡ ವಿಷಯ.

ಸರಿ, ಇದರಲ್ಲಿ ಕೊಲೆ ಕೇಸು ಎಲ್ಲಿ ಬಂತು? ಅದು ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯದು. 1860ರ ಜೂನ್ 29ರ ರಾತ್ರಿ, ಸ್ಯಾಮ್ಯುಯಲ್ ಕೆಂಟ್ ಎಂಬ ಕಾರ್ಖಾನೆ ಇನ್ಸ್‌ಪೆಕ್ಟರ್ ಮನೆಯಿಂದ ಮೂರು ವರ್ಷದ ಮಗು ಕಾಣೆಯಾಯಿತು. ಕತ್ತು ಕೊಯ್ದ ಶವ ಹೊರಗಿನ ಕಕ್ಕಸಿನಲ್ಲಿ ಸಿಕ್ಕಿತು. ಸ್ಕಾಟ್ಲೆಂಡ್ ಯಾರ್ಡಿನಿಂದ ಬಂದ ಪತ್ತೇದಾರ ಜೊನಾಥನ್ ವಿಚರ್ ಹಿಡಿದ ಎಳೆ ಒಂದೇ: ಮಗುವಿನ ಮಲಅಕ್ಕ, 16 ವರ್ಷದ ಕಾನ್‌ಸ್ಟನ್ಸ್‌ಳ ಮೂರು ನೈಟ್‌ಗೌನುಗಳಲ್ಲಿ ಒಂದು ಇಲ್ಲ. ಒಗೆಯಲು ಕೊಡುವ ಬಟ್ಟೆಯನ್ನು ಕೆಲಸದವಳು ಬುಟ್ಟಿಗೆ ತುಂಬುತ್ತಿದ್ದಾಗ ಹುಡುಗಿ ಅಲ್ಲಿಗೆ ಬಂದು, ಒಂದು ಲೋಟ ನೀರು ತಾ ಅಂತ ಅವಳನ್ನು ಕೆಳಗೆ ಕಳಿಸಿದ್ದಳು. ರಕ್ತವಾದ ಗೌನು ಮಾಯವಾದದ್ದನ್ನು ಮುಚ್ಚಲು, ಲೆಕ್ಕಕ್ಕೆ ಸೇರಿದ್ದ ಇನ್ನೊಂದನ್ನು ಅವಳು ಆಗಲೇ ಬುಟ್ಟಿಯಿಂದ ತೆಗೆದಳು ಅನ್ನೋದು ವಿಚರ್ ಊಹೆ. ರಕ್ತದ ಗೌನು ಸಿಗಲೇ ಇಲ್ಲ. ಹುಡುಗಿಯನ್ನು ಬಿಟ್ಟರು, ವಿಚರ್ ಹೆಸರು ಕೆಟ್ಟಿತು. 1865ರಲ್ಲಿ ಅವಳೇ ತಪ್ಪೊಪ್ಪಿಕೊಂಡಳು.

ಕಾಲಿನ್ಸ್ ಈ ಗೌನನ್ನು ಹಾಗೇ ಎತ್ತಿಕೊಂಡರು. ಒಂದೇ ಬದಲಾವಣೆ: ರಕ್ತದ ಬದಲು ಬಣ್ಣ. ಇಂಗ್ಲೆಂಡಿನ ಮನೆಯೊಂದರಲ್ಲಿ ಆ ವಜ್ರ ಕಳುವಾಗುತ್ತದೆ. ಬಾಗಿಲಿಗೆ ಹಚ್ಚಿದ ಹಸಿ ಬಣ್ಣ ಒಂದು ಕಡೆ ಅಳಿಸಿದೆ, ಹಾಗಾದರೆ ಯಾರದ್ದೋ ಬಟ್ಟೆಗೆ ಅದು ತಾಗಿರಬೇಕು. ವಿಚರ್ ನೆರಳಿನಲ್ಲಿ ಮೂಡಿದ ಸಾರ್ಜೆಂಟ್ ಕಫ್ ಅಗಸರ ಲೆಕ್ಕದ ಪುಸ್ತಕ ಕೇಳುತ್ತಾನೆ. ತುಂಬಾ ಜಾಣ ಕೆಲಸ. ಆದರೆ ರಕ್ತ ಬಣ್ಣವಾದಾಗ ಮಗುವೂ ವಜ್ರವಾಯಿತು. ಓದುವಾಗ ಮಜಾ ಬರುತ್ತದೆ, ಎದೆ ಭಾರವಾಗುವುದಿಲ್ಲ. ನನಗೆ ಕೊರತೆ ಅನಿಸಿದ್ದು ಇಲ್ಲೇ.

ಅಟ್‌ವುಡ್ ಹಾಗೆ ಮಾಡುವುದಿಲ್ಲ. ಊರು, ಹೆಸರು, ಹೆಣ ಎಲ್ಲವೂ ನಿಜವಾದವೇ. 1843ರಲ್ಲಿ ಕೆನಡಾದ ರಿಚ್‌ಮಂಡ್ ಹಿಲ್ ಬಳಿ ಥಾಮಸ್ ಕಿನೇರ್ ಎಂಬ ಯಜಮಾನ, ಮನೆ ನೋಡಿಕೊಳ್ಳುತ್ತಿದ್ದ ನ್ಯಾನ್ಸಿ ಮಾಂಟ್‌ಗೊಮರಿ ಇಬ್ಬರೂ ಕೊಲೆಯಾದರು. ಆಳು ಜೇಮ್ಸ್ ಮೆಕ್‌ಡರ್ಮಟ್‌ನನ್ನು ಗಲ್ಲಿಗೇರಿಸಿದರು. 16ರ ಐರಿಷ್ ಹುಡುಗಿ ಗ್ರೇಸ್ ಮಾರ್ಕ್ಸ್‌ಗೆ ಜೀವಾವಧಿ. 1872ರಲ್ಲಿ ಕ್ಷಮೆ ಸಿಗುವ ತನಕ ಹೆಚ್ಚಿನ ಕಾಲ ಅವಳು ಕಿಂಗ್‌ಸ್ಟನ್ ಜೈಲಿನಲ್ಲಿದ್ದಳು. ಅವಳು ನಿಜಕ್ಕೂ ಕೊಂದಳಾ? ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಟ್‌ವುಡ್ ಅಲ್ಲಿ ಒಂದು ಉತ್ತರ ತಂದು ತುರುಕುವುದಿಲ್ಲ. ಸೈಮನ್ ಜೋರ್ಡನ್ ಎಂಬ ಡಾಕ್ಟರನ್ನು ಕಲ್ಪಿಸಿ ಅವಳೆದುರು ಕೂರಿಸುತ್ತಾರೆ. ಅವನು ಸೇಬು, ಗೆಡ್ಡೆ ತಂದು ಮುಂದಿಟ್ಟು, ಇದನ್ನು ನೋಡಿದರೆ ನಿನಗೇನು ನೆನಪಾಗುತ್ತೆ ಅಂತ ಕೇಳುತ್ತಾನೆ. ನೆಲಮಾಳಿಗೆಯ ನೆನಪು ಬರಲಿ ಅನ್ನೋದು ಅವನ ಆಸೆ, ಶವಗಳು ಸಿಕ್ಕಿದ್ದು ಅಲ್ಲಿ. ಅವಳು ಹೊಲಿಗೆ ಹಾಕುತ್ತಾ ಕಥೆ ಹೇಳುತ್ತಾಳೆ. ಎಷ್ಟು ಹೇಳಬೇಕು ಅನ್ನೋದು ಅವಳ ಕೈಯಲ್ಲೇ ಇದೆ. ನೆಲ ಉಜ್ಜೋದು, ಬಟ್ಟೆ ಒಗೆಯೋದು, ಹಡಗಿನಲ್ಲಿ ತಾಯಿ ಸತ್ತಿದ್ದು, ಇವೆಲ್ಲ ಬಂದಾಗ ಕೊಲೆಗಿಂತ ಆ ಹುಡುಗಿಯ ಬದುಕೇ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿತು.

ಓದಿನ ಸುಖದ ಮಾತು ಬಂದರೆ ಮೂನ್‌ಸ್ಟೋನ್ ಮುಂದೆ. ಡಿಕನ್ಸ್ ಅವರ ವಾರಪತ್ರಿಕೆಗೆ ಧಾರಾವಾಹಿಯಾಗಿ ಬರೆದದ್ದಲ್ವಾ, ಅಧ್ಯಾಯದ ಕೊನೆಗೆ ಕೊಕ್ಕೆ ಇದ್ದೇ ಇರುತ್ತದೆ. ಇಂಗ್ಲಿಷ್ ಹಳೆಯದು, ಕಥೆ ಹೇಳುವ ಮುದುಕ ಬೆಟರೆಡ್ಜ್ ಮಾತಿನ ಮಲ್ಲ, ಮೊದಮೊದಲು ತಾಳ್ಮೆ ಬೇಕು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಗ್ರೇಸ್‌ನ ಭಾಷೆ ಸರಳ, ಆದರೆ ಮಧ್ಯದಲ್ಲಿ ಡಾಕ್ಟರನ ಸ್ವಂತ ಗೋಳಿನ ಪುಟಗಳು ಎಳೆಯುತ್ತವೆ.

ಕಾದಂಬರಿ ಬೇಡ, ರೋಡ್ ಹಳ್ಳಿಯ ನಿಜ ಸಂಗತಿ ಸಾಕು ಅನ್ನುವವರು ಕೇಟ್ ಸಮರ್‌ಸ್ಕೇಲ್ ಅವರ 2008ರ ‘ದಿ ಸಸ್ಪಿಷನ್ಸ್ ಆಫ್ ಮಿಸ್ಟರ್ ವಿಚರ್’ ಹಿಡಿಯಬಹುದು. ನೀರಿನ ಲೋಟದ ವಿವರ ಅಲ್ಲಿದೆ. ಮೂನ್‌ಸ್ಟೋನ್ ಮುಗಿಸಿ ಅದಕ್ಕೆ ಹೋದರೆ ಕಾಲಿನ್ಸ್ ಏನು ಬಿಟ್ಟರು ಅನ್ನೋದೂ ಕಾಣುತ್ತದೆ. ಗ್ರೇಸ್ ಓದುವವರಿಗೆ ಒಂದೇ ಮಾತು: ಕೊನೆಯಲ್ಲಿ ಅಟ್‌ವುಡ್ ಬರೆದಿರುವ ಟಿಪ್ಪಣಿಯಲ್ಲಿ ಇತಿಹಾಸ ಯಾವುದು, ಕಲ್ಪನೆ ಯಾವುದು ಅಂತ ಬಿಡಿಸಿ ಹೇಳಿದ್ದಾರೆ. ಅದನ್ನು ದಯವಿಟ್ಟು ಮೊದಲೇ ತೆರೆಯಬೇಡಿ.