ಚೊಂಬಿನ ಬಾಯಿ, ಚೊಂಬಿನ ತಳ: ಪೆನ್ಸಿಲ್ಲಿಗೂ ಟ್ಯಾಬ್ಲೆಟ್ಟಿಗೂ ಆರು ತಿಂಗಳ ಹೋಲಿಕೆ

ಮೈಸೂರಿನ ನಮ್ಮ ಮನೆಯ ಮಹಡಿಯಲ್ಲಿ ಶನಿವಾರ, ಭಾನುವಾರ ಹೈಸ್ಕೂಲು ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುತ್ತೇನೆ. ಹೆಚ್ಚಿನವರು ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂರುವವರು. ಹೋದ ವರ್ಷ ಒಬ್ಬ ಹುಡುಗಿಯ ತಾಯಿ ಕೇಳಿದರು: "ಮಿಸ್, ಈಗೆಲ್ಲಾ ಡಿಜಿಟಲ್ ಅಲ್ವಾ, ಮೊದಲಿಂದ್ಲೇ ಅದರಲ್ಲೇ ಕಲಿಸಬಾರದಾ?" ಪ್ರಯತ್ನಿಸದೆ ಉತ್ತರ ಕೊಡಲು ಮನಸ್ಸಾಗಲಿಲ್ಲ. ಆರು ತಿಂಗಳು ಪ್ರತಿ ಪಾಠವನ್ನೂ ಎರಡು ಸಲ ಮಾಡಿಸಿದೆ, ಒಂದು ವಾರ ಕಾಗದದ ಮೇಲೆ, ಮರುವಾರ ಟ್ಯಾಬ್ಲೆಟ್ಟಿನಲ್ಲಿ. ನನ್ನ ಬಳಿ ಇದ್ದದ್ದು ಪ್ರೊಕ್ರಿಯೇಟ್ ಎಂಬ ಚಿತ್ರ ಬರೆಯುವ ಆ್ಯಪ್ ಹಾಕಿದ ಒಂದು ಐಪ್ಯಾಡ್, ಹಳೆ ಲ್ಯಾಪ್‌ಟಾಪಿಗೆ ಜೋಡಿಸಿದ ಒಂದು ಸಣ್ಣ ವಾಕಾಮ್, ಅಂದರೆ ಪರದೆಯಿಲ್ಲದ, ಪೆನ್ನಿನಿಂದ ಬರೆಯುವ ಹಲಗೆ. ವಾಕಾಮಿಗೆ ಬಳಸಿದ ಕ್ರಿತಾ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ.

ವ್ಯತ್ಯಾಸ ಮೊದಲು ಕಂಡದ್ದು ಚೊಂಬು ಬರೆಯುವ ಪಾಠದಲ್ಲಿ. ಸ್ಟೂಲಿನ ಮೇಲಿಟ್ಟ ಚೊಂಬನ್ನು ಸ್ವಲ್ಪ ಮೇಲಿನಿಂದ ನೋಡಿದರೆ ಬಾಯಿಯ ಅಂಡಾಕಾರ ಚಪ್ಪಟೆಯಾಗಿ ಕಾಣುತ್ತದೆ. ತಳ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವುದರಿಂದ ಅದರ ಬಾಗು ಹೆಚ್ಚು ದುಂಡಗಿರುತ್ತದೆ. ಕಾಗದದ ಮೇಲೆ ಎಂಟನೇ ಕ್ಲಾಸಿನ ಹುಡುಗನೊಬ್ಬ ಆ ತಳವನ್ನು ಏಳು ಸಲ ಅಳಿಸಿ ಬರೆದ. ರಬ್ಬರಿನ ಉಜ್ಜಿಗೆ ಕಾಗದ ಜೂಲೆದ್ದಿತ್ತು. ಆದರೆ ಪ್ರತಿ ಸಲವೂ ತಲೆಯೆತ್ತಿ ಚೊಂಬನ್ನು ನೋಡಿದ. ಮರುವಾರ ಐಪ್ಯಾಡಿನಲ್ಲಿ ಅವನು ಗೆರೆ ಎಳೆದು ಪೆನ್ನನ್ನು ಹಾಗೇ ಒತ್ತಿ ಹಿಡಿದ. ಅಂಡಾಕಾರ ತಾನಾಗಿ ತಿದ್ದಿಕೊಂಡಿತು. ಅದನ್ನೇ ನಕಲು ಮಾಡಿ, ಕಿರಿದಾಗಿಸಿ ತಳಕ್ಕಿಟ್ಟ. ಗೆರೆಯಲ್ಲಿ ಒಂದಿಷ್ಟೂ ನಡುಕವಿಲ್ಲ, ಚಿತ್ರ ಮಾತ್ರ ತಪ್ಪು. ಚೊಂಬಿನ ಕಡೆ ಅವನು ಎರಡೇ ಸಲ ನೋಡಿದ್ದ.

ಪುಟ್ಟ ವಾಕಾಮಿನಲ್ಲಿ ತೊಂದರೆ ಬೇರೆ. ಅದರಲ್ಲಿ ಬರೆಯಲು ಸಿಗುವ ಜಾಗ ಆರು ಇಂಚು ಅಗಲ, ನಾಲ್ಕು ಇಂಚೂ ಇಲ್ಲದ ಎತ್ತರ. ಕೈ ಇಲ್ಲಿ, ಕಣ್ಣು ಲ್ಯಾಪ್‌ಟಾಪಿನ ಪರದೆಯಲ್ಲಿ. ದೊಡ್ಡ ಶೀಟನ್ನು ಬೋರ್ಡಿಗೆ ಕ್ಲಿಪ್ ಹಾಕಿ ಓರೆಯಾಗಿ ನಿಲ್ಲಿಸಿದರೆ ಮಕ್ಕಳು ಭುಜದಿಂದ ಗೆರೆ ಎಳೆಯುತ್ತಾರೆ, ಇಲ್ಲಿ ಮಣಿಕಟ್ಟು ಮಾತ್ರ ಆಡುತ್ತದೆ. ಜೊತೆಗೆ ಝೂಮ್. ಮುಖ ಬರೆಯಲು ಹೇಳಿದರೆ ಮೂವರು ಹುಡುಗಿಯರು ತಲೆಯ ಅಳತೆ ಗುರುತಿಸುವ ಮೊದಲೇ ಒಂದು ಕಣ್ಣನ್ನು ಹಿಗ್ಗಿಸಿಕೊಂಡು ರೆಪ್ಪೆಯ ಕೂದಲು ಬರೆಯುತ್ತಾ ಕೂತರು.

ಬಣ್ಣದಲ್ಲಿ ನಾನು ಟ್ಯಾಬ್ಲೆಟ್ ಗೆಲ್ಲುತ್ತದೆಂದೇ ಎಣಿಸಿದ್ದೆ. ಒಂದೇ ವಿನ್ಯಾಸಕ್ಕೆ ನಾಲ್ಕು ಬಣ್ಣಸಂಯೋಜನೆ ಹಾಕಿ ನೋಡಲು ಅದಕ್ಕೆ ಸಾಟಿಯಿಲ್ಲ, ನಿಜ. ಪೋಸ್ಟರ್ ಕಲರಿನಲ್ಲಿ ಅದು ಎರಡು ಭಾನುವಾರದ ಕೆಲಸ. ಆದರೆ ಬಣ್ಣ ಬೆರೆಸುವುದನ್ನು ಅದರಲ್ಲಿ ಕಲಿಸಲಾಗದು. ಪ್ಯಾಲೆಟ್ಟಿನಲ್ಲಿ ಹಳದಿಗೆ ನೀಲಿ ಸೇರಿಸಿದರೆ ಹಸಿರು ಬರುತ್ತದೆ. ಪರದೆಯ ಮೇಲೆ ಅಚ್ಚ ಹಳದಿಯನ್ನೂ ಅಚ್ಚ ನೀಲಿಯನ್ನೂ ಒಂದರೊಳಗೊಂದು ತೀಡಿದಾಗ ಬಂದದ್ದು ಬೂದು. ಅಲ್ಲಿರುವುದು ಬೆಳಕಿನ ಲೆಕ್ಕ, ಬಣ್ಣದ ಪುಡಿಯದಲ್ಲ.

ಖರ್ಚಿನ ಮಾತು ಬೆಳೆಸುವುದಿಲ್ಲ. ಒಂದು 2ಬಿ, ಒಂದು 6ಬಿ ಪೆನ್ಸಿಲ್ಲು ಕೊಳ್ಳಲಾಗದ ಮಗು ನನ್ನ ಕ್ಲಾಸಿನಲ್ಲಿಲ್ಲ, ಐಪ್ಯಾಡ್ ಇರುವ ಮಗು ಒಂದೇ.

ಇಷ್ಟಾದರೂ ಐಪ್ಯಾಡನ್ನು ನಾನು ಬೀರುವಿನೊಳಗಿಡಲಿಲ್ಲ. ಚಿತ್ರ ತಿದ್ದಲು ಅದರಷ್ಟು ಒಳ್ಳೆಯ ಸಾಧನ ನನಗೆ ಇದುವರೆಗೆ ಸಿಕ್ಕಿಲ್ಲ. ಇಷ್ಟು ವರ್ಷ ಮಕ್ಕಳ ಚಿತ್ರದ ಮೇಲೆಯೇ ನನ್ನ ಪೆನ್ಸಿಲ್ ಓಡಿಸುತ್ತಿದ್ದೆ. ಅಲ್ಲಿಂದಾಚೆಗೆ ಆ ಹಾಳೆ ಅವರದಾಗಿ ಉಳಿಯುತ್ತಿರಲಿಲ್ಲ, ಕೆಲವರ ಮುಖ ಬಾಡುವುದನ್ನು ಕಂಡಿದ್ದೇನೆ. ಈಗ ಕಾಗದದ ಚಿತ್ರದ ಫೋಟೊ ತೆಗೆದು, ಮೇಲೊಂದು ಲೇಯರ್, ಅಂದರೆ ಪಾರದರ್ಶಕ ಹಾಳೆಯಂಥ ಪದರ, ಹಾಕಿ, ಕೆಂಪು ಗೆರೆಯಲ್ಲಿ ತಿದ್ದುತ್ತೇನೆ. ಲೇಯರನ್ನು ಮರೆಮಾಡಿದರೆ ಮಗುವಿನ ಚಿತ್ರ ಇದ್ದ ಹಾಗೇ ಇದೆ. ಚಿತ್ರವನ್ನು ಎಡಬಲ ತಿರುಗಿಸಿದ ಕೂಡಲೇ ವಾಲಿದ ಮೂಗು, ಸೊಟ್ಟ ಚೊಂಬು ಅವರ ಕಣ್ಣಿಗೇ ಬೀಳುತ್ತದೆ. ಕನ್ನಡಿಯ ಮುಂದೆ ಹಾಳೆ ಹಿಡಿದರೂ ಅದೇ ಕಾಣುತ್ತದೆ, ಆದರೆ ಹದಿನೈದು ಮಕ್ಕಳನ್ನು ಒಂದು ಕನ್ನಡಿಯ ಮುಂದೆ ಸಾಲು ನಿಲ್ಲಿಸುವುದು ಕಷ್ಟ. ಇನ್ನೊಂದು, ಪ್ರೊಕ್ರಿಯೇಟ್ ಬರೆದ ಪ್ರತಿ ಗೆರೆಯನ್ನೂ ವಿಡಿಯೊ ಮಾಡಿಟ್ಟುಕೊಳ್ಳುತ್ತದೆ. ನಾನು ಬರೆದ ಚೊಂಬನ್ನು ಅದರಲ್ಲಿ ಓಡಿಸಿ ತೋರಿಸಿದಾಗ ಆ ಎಂಟನೇ ಕ್ಲಾಸಿನ ಹುಡುಗ, "ಮಿಸ್, ನೀವು ಮೊದಲು ನಡುಗೆರೆ ಹಾಕ್ತೀರಾ!" ಅಂದ. ನಡುಗೆರೆ ಹಾಕಿ ಅಂತ ನಾನು ಬಾಯಲ್ಲಿ ಹೇಳಿದ್ದಕ್ಕೆ ಲೆಕ್ಕವೇ ಇಲ್ಲ.

ಆದ್ದರಿಂದ ಈ ಜೂನ್‌ನಿಂದ ಮಕ್ಕಳ ಕೈಯಲ್ಲಿ ಪೆನ್ಸಿಲ್ಲು, ನನ್ನ ಕೈಯಲ್ಲಿ ಟ್ಯಾಬ್ಲೆಟ್ಟು. ಹೈಯರ್ ಗ್ರೇಡ್ ಮುಗಿಸಿದವರಿಗೆ ಮಾತ್ರ ಡಿಜಿಟಲ್ ಪಾಠ. ತಿಂಗಳಿಗೊಮ್ಮೆ ದೇವರಾಜ ಮಾರುಕಟ್ಟೆಗೆ ಸ್ಕೆಚ್ಚಿಗೆ ಹೋಗುವಾಗ ರಬ್ಬರೂ ಬೇಡ ಎಂದಿದ್ದೇನೆ, ಬಾಲ್ ಪೆನ್ನು ಸಾಕು. ಬಿಸಿಲಿಗೆ ಐಪ್ಯಾಡಿನ ಪರದೆ ಕಾಣುವುದೂ ಇಲ್ಲ. ಹೋದ ಸಲ ಅದೇ ಹುಡುಗ ವೀಳ್ಯದೆಲೆ ಅಂಗಡಿಯ ಮುಂದೆ ಮುಕ್ಕಾಲು ಗಂಟೆ ಕೂತಿದ್ದ. ಪುಟದಲ್ಲಿ ಒಂದು ಎಲೆ ಬುಟ್ಟಿ ಇತ್ತು. ಅದರ ಬಾಯಿ ಚಪ್ಪಟೆ, ತಳ ದುಂಡು.