ಮೀಸಲು ಪ್ರೊಸೆಸರ್ ಯೋಜನೆ: ಒಂದು ಟೊಮೆಟೊ ಹಂಗಾಮಿನ ಬಳಕೆಯ ನಂತರ

ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಯ ಒಂದು ಮಂಡಿಗೆ ದರಪಟ್ಟಿಯ ಜಾಲತಾಣವನ್ನು ನಾನು ನೋಡಿಕೊಳ್ಳುತ್ತೇನೆ. ಹರಾಜು ನಡೆಯುತ್ತಿದ್ದಂತೆಯೇ 15 ಕೆ.ಜಿ. ಬಾಕ್ಸು ಎಷ್ಟಕ್ಕೆ ಹೋಯಿತು ಎಂಬುದನ್ನು ಗುಮಾಸ್ತರು ಮೊಬೈಲಿನಿಂದ ಸೇರಿಸುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ರೈತರು ತೋಟದಲ್ಲಿ ನಿಂತೇ ಅದನ್ನು ನೋಡುತ್ತಾರೆ. ದಿನದ ಉಳಿದ ಹೊತ್ತು ಹೆಚ್ಚು ಜನ ಸುಳಿಯದ ಈ ತಾಣಕ್ಕೆ ಹರಾಜಿನ ಎರಡು ಮೂರು ಗಂಟೆ ಮಾತ್ರ ಪುರುಸೊತ್ತೇ ಇರುವುದಿಲ್ಲ. ಇದರ ಬಾಡಿಗೆ ಸರ್ವರನ್ನು, ಹಲವು ಗಿರಾಕಿಗಳು ಒಂದೇ ಪ್ರೊಸೆಸರನ್ನು ಹಂಚಿಕೊಳ್ಳುವ ಯೋಜನೆಯಿಂದ ನಮ್ಮ ಪಾಲನ್ನು ನಮಗೇ ಕಾದಿಡುವ ‘ಮೀಸಲು ಪ್ರೊಸೆಸರ್’ ಯೋಜನೆಗೆ ಬದಲಾಯಿಸಿ ಈಗ ಒಂದು ಹಂಗಾಮು ಮುಗಿದಿದೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಂಥ ಯೋಜನೆಯನ್ನು ಯಾರಿಂದ ಕೊಂಡರೂ ಪರೀಕ್ಷಿಸಬೇಕಾದ ಅಂಶಗಳು ಇವೇ.

ಹಳೆಯ ಯೋಜನೆಯಲ್ಲಿ 2 ವಿಸಿಪಿಯು (ಬಾಡಿಗೆ ಸರ್ವರಿಗೆ ಕಾಣುವ ವರ್ಚುವಲ್ ಪ್ರೊಸೆಸರ್) ಎಂದು ಬರೆದಿದ್ದರೂ, ಅದೇ ಭೌತಿಕ ಯಂತ್ರದ ಕೋರ್‌ಗಳಿಗೆ (ಪ್ರೊಸೆಸರ್ ಚಿಪ್ಪಿನೊಳಗೆ ಸ್ವತಂತ್ರವಾಗಿ ಕೆಲಸ ಮಾಡುವ ಭಾಗಗಳಿಗೆ) ಬೇರೆ ಗಿರಾಕಿಗಳೂ ಸರದಿಯಲ್ಲಿ ನಿಂತಿರುತ್ತಿದ್ದರು. ಸರ್ವರಿನ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸಿನಲ್ಲಿ, ಪ್ರೊಸೆಸರ್ ಬಳಕೆ ತೋರಿಸುವ ‘ಟಾಪ್’ ತೆರೆದರೆ ಸಿಪಿಯು ಸಾಲಿನ ಕೊನೆಯಲ್ಲಿ ‘ಎಸ್‌ಟಿ’ ಎಂಬ ಅಂಕಿ ಕಾಣುತ್ತದೆ. ನಮ್ಮ ಸರ್ವರ್ ಕೆಲಸಕ್ಕೆ ಸಿದ್ಧವಾಗಿದ್ದರೂ ಒಂದು ಯಂತ್ರವನ್ನು ಹಲವು ಸರ್ವರ್‌ಗಳಿಗೆ ಹಂಚುವ ತಂತ್ರಾಂಶವಾದ ಹೈಪರ್‌ವೈಸರ್ ಕೋರನ್ನು ಬೇರೆಯವರಿಗೆ ಕೊಟ್ಟಿದ್ದ ಕಾರಣ ಸುಮ್ಮನೆ ಕಾದ ಸಮಯದ ಪ್ರಮಾಣ ಅದು. ಹರಾಜಿನ ಹೊತ್ತಿನಲ್ಲಿ ಅದು ಶೇ 20 ದಾಟಿ ಕೆಲವೊಮ್ಮೆ 30ರ ಹತ್ತಿರ ಹೋಗುತ್ತಿತ್ತು. ದೂರು ಕೊಟ್ಟಾಗ ಪುಟಗಳನ್ನು ಸಿದ್ಧಪಡಿಸುವ ನಮ್ಮ ಪಿಎಚ್‌ಪಿ ಕೋಡ್ ಸರಿಯಿಲ್ಲವೆಂಬ ಉತ್ತರ ಬಂತು. ಮೂರು ದಿನದ ಅಂಕಿಗಳನ್ನು ಕಳುಹಿಸಿದ ಮೇಲೆ ಅವರೇ ಮೀಸಲು ಯೋಜನೆಗೆ ಬರುವಂತೆ ಸಲಹೆ ನೀಡಿದರು. ಇಲ್ಲವೆಂದಿದ್ದ ಕಾಯಿಲೆಗೆ ದುಬಾರಿ ಔಷಧಿ ಮಾತ್ರ ಅವರ ಬಳಿ ಸಿದ್ಧವಾಗಿತ್ತು.

ಬದಲಾವಣೆ ಸುಲಭವಾಗಿ ಆಯಿತು. ಸರ್ವರನ್ನು ಒಮ್ಮೆ ನಿಲ್ಲಿಸಿ ಆರಂಭಿಸಬೇಕಾಯಿತೇ ಹೊರತು ಐಪಿ ವಿಳಾಸ ಬದಲಾಗಲಿಲ್ಲ. ಅಂದಿನಿಂದ ಎಸ್‌ಟಿ ಅಂಕಿ ಸೊನ್ನೆಯಿಂದ ಮೇಲೆ ಎದ್ದದ್ದನ್ನು ನಾನು ಕಂಡಿಲ್ಲ. ಈ ಒಂದು ವಿಷಯದಲ್ಲಿ ಕಂಪನಿ ಮಾತು ಉಳಿಸಿಕೊಂಡಿದೆ. ಆದರೆ ಬಾಡಿಗೆ ಸುಮಾರು ಎರಡೂವರೆ ಪಟ್ಟಾಗಿದೆ. ಒಂದು ವಿಸಿಪಿಯು ಎಂದರೆ ಪೂರ್ಣ ಕೋರೋ ಅಥವಾ ಒಂದೇ ಕೋರನ್ನು ಎರಡಾಗಿ ತೋರಿಸುವ ಹೈಪರ್‌ಥ್ರೆಡ್ಡೋ ಎಂಬುದನ್ನು ಯೋಜನೆಯ ಪುಟದಲ್ಲಿ ಎಲ್ಲಿಯೂ ಬರೆದಿಲ್ಲ. ಎರಡನೆಯ ಬಾರಿ ಕೇಳಿದಾಗ ಥ್ರೆಡ್ ಎಂದು ಒಪ್ಪಿಕೊಂಡರು. ಒಂದೇ ಕೋರಿನ ಎರಡು ಥ್ರೆಡ್‌ಗಳು ಲೆಕ್ಕ ಮಾಡುವ ಘಟಕಗಳನ್ನು ಹಂಚಿಕೊಳ್ಳುವುದರಿಂದ ಅವು ಎರಡು ಕೋರ್‌ಗಳಷ್ಟು ಕೆಲಸ ಮಾಡಲಾರವು. ಸರ್ವರಿನ ಒಳಗೆ ಪ್ರೊಸೆಸರ್ ವಿವರ ತೋರಿಸುವ ‘ಎಲ್‌ಎಸ್‌ಸಿಪಿಯು’ ಆದೇಶ ಕೊಟ್ಟು ನೋಡಿದರೆ ಹೈಪರ್‌ವೈಸರ್ ತೋರಿಸಬಯಸಿದ್ದಷ್ಟೇ ಕಾಣುವುದರಿಂದ, ಇದನ್ನು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ ಪಡೆಯಬೇಕು.

ಇಷ್ಟಾದರೂ ಹತ್ತೂವರೆಯ ಸುಮಾರಿಗೆ ಪುಟಗಳು ಮತ್ತೆ ತಡವಾಗಿ ತೆರೆಯುತ್ತಿದ್ದವು. ಗುಮಾಸ್ತರು ಕಳುಹಿಸುವ ಹಣ್ಣಿನ ಚಿತ್ರಗಳನ್ನು ಚಿಕ್ಕದಾಗಿಸುವ ಕೆಲಸ ನಿಗದಿತ ವೇಳೆಗೆ ಕೆಲಸ ಆರಂಭಿಸುವ ಕ್ರಾನ್ ಮೂಲಕ ಅದೇ ಹೊತ್ತಿಗೆ ನಡೆಯುತ್ತಿದ್ದು, ದರಪಟ್ಟಿ ತೆರೆಯುವ ಪಿಎಚ್‌ಪಿ-ಎಫ್‌ಪಿಎಂ ಸೇವೆಯೊಡನೆ ಸರಿಸಮವಾಗಿ ಪ್ರೊಸೆಸರನ್ನು ಎಳೆದುಕೊಳ್ಳುತ್ತಿತ್ತು. ಕಂಪನಿ ಕೊಡುವ ಮೀಸಲು ನಮ್ಮ ಸರ್ವರಿನ ಹೊಸ್ತಿಲಿನವರೆಗೆ ಮಾತ್ರ. ಒಳಗೆ ಯಾವ ಸೇವೆಗೆ ಎಷ್ಟು ಎಂಬುದನ್ನು ನಾವೇ ಹಂಚಬೇಕು. ಅದಕ್ಕೆ ಬೇಕಾದ ಸಾಧನ ಲಿನಕ್ಸಿನಲ್ಲಿ ಉಚಿತವಾಗಿಯೇ ಇದೆ. ಗೂಗಲ್ ಎಂಜಿನಿಯರುಗಳು 2006ರಲ್ಲಿ ಆರಂಭಿಸಿದ, ಪ್ರಕ್ರಿಯೆಗಳನ್ನು ಗುಂಪು ಮಾಡಿ ಪ್ರೊಸೆಸರ್ ಪಾಲು ಹಂಚುವ ಸಿ-ಗ್ರೂಪ್ ವ್ಯವಸ್ಥೆ 2008ರಲ್ಲಿ ಬಿಡುಗಡೆಯಾದ 2.6.24 ಕರ್ನೆಲ್ಲಿಗೇ (ಲಿನಕ್ಸಿನ ತಿರುಳಿಗೇ) ಸೇರಿತ್ತು. ಇಂದು ಸೇವೆಗಳನ್ನು ಆರಂಭಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಮೂಲಕ ಅದನ್ನು ಒಂದೆರಡು ಸಾಲುಗಳಲ್ಲಿ ಬಳಸಬಹುದು.

ಇಲ್ಲಿ ನಾನು ಎಡವಿದೆ. ‘ಸಿಪಿಯು-ಕೋಟಾ’ ಎಂಬ ಆಯ್ಕೆ ಕಂಡಿತು. ಕೋಟಾ ಎಂದರೆ ನಮ್ಮ ಕಿವಿಗೆ ಕಾಲೇಜಿನ ಮೀಸಲು ಸೀಟಿನಂತೆಯೇ ಕೇಳಿಸುತ್ತದೆ. ಪಿಎಚ್‌ಪಿ ಸೇವೆಗೆ ಶೇ 100 ಎಂದು ಬರೆದು, ಒಂದು ಪ್ರೊಸೆಸರ್ ಪೂರ್ತಿ ಅದಕ್ಕೇ ಸಿಕ್ಕಿತೆಂದು ಭಾವಿಸಿದೆ. ವಾಸ್ತವದಲ್ಲಿ ಅದು ಮೀಸಲಲ್ಲ, ಮೇಲ್ಮಿತಿ. ಕರ್ನೆಲ್ ಸಾಮಾನ್ಯವಾಗಿ 100 ಮಿಲಿಸೆಕೆಂಡಿನ ಅವಧಿಗಳಲ್ಲಿ ಲೆಕ್ಕ ಹಾಕುತ್ತದೆ. ಶೇ 100 ಎಂದರೆ ಪ್ರತಿ ಅವಧಿಗೆ ಒಟ್ಟು 100 ಮಿಲಿಸೆಕೆಂಡು ಪ್ರೊಸೆಸರ್ ಸಮಯ. ನಮ್ಮ ಪಿಎಚ್‌ಪಿ ಪ್ರಕ್ರಿಯೆಗಳು ಎರಡೂ ಪ್ರೊಸೆಸರ್‌ಗಳಲ್ಲಿ ಒಟ್ಟಿಗೆ ಓಡಿದಾಗ ಆ ಪಾಲು 50 ಮಿಲಿಸೆಕೆಂಡಿನಲ್ಲೇ ಮುಗಿದು, ಉಳಿದ 50 ಮಿಲಿಸೆಕೆಂಡು ಪ್ರೊಸೆಸರ್ ಖಾಲಿ ಇದ್ದರೂ ಅವೆಲ್ಲ ಕೈಕಟ್ಟಿ ಕೂರಬೇಕಾಗುತ್ತಿತ್ತು. ಆ ಸೇವೆಯ ‘ಸಿಪಿಯು.ಸ್ಟ್ಯಾಟ್’ ಕಡತದಲ್ಲಿ ತಡೆಹಿಡಿದ ಅವಧಿಗಳ ಎಣಿಕೆ ಏರುತ್ತಿರುವುದನ್ನು ನೋಡಿದ ಮೇಲೆಯೇ ತಪ್ಪು ತಿಳಿದದ್ದು.

ಬೇಕಾಗಿದ್ದದ್ದು ‘ಸಿಪಿಯು-ವೇಟ್’, ಅಂದರೆ ಸೇವೆಗಳ ನಡುವೆ ಪಾಲಿನ ಅನುಪಾತವನ್ನು ನಿಗದಿಪಡಿಸುವ ತೂಕ. ಇದರ ಮೌಲ್ಯ 1ರಿಂದ 10,000ದವರೆಗೆ ಇರಬಹುದು. ಏನೂ ಬರೆಯದಿದ್ದರೆ 100. ಪಿಎಚ್‌ಪಿಗೆ 800, ಕ್ರಾನಿಗೆ 20 ಎಂದು ಕೊಟ್ಟೆ. ನೂಕುನುಗ್ಗಲು ಇದ್ದಾಗ ಮಾತ್ರ ಈ ಅನುಪಾತ ಜಾರಿಗೆ ಬರುತ್ತದೆ. ಇಲ್ಲದಿದ್ದರೆ ಕ್ರಾನ್ ಕೂಡ ಇಡೀ ಪ್ರೊಸೆಸರನ್ನು ಬಳಸಿಕೊಳ್ಳಬಹುದು. ಆದರೆ ಈ ತೂಕ ಒಂದೇ ಗುಂಪಿನ ಒಡನಾಡಿಗಳ ನಡುವೆ ಮಾತ್ರ ನಡೆಯುತ್ತದೆ ಎಂಬುದು ಒಂದು ದಿನ ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ನಾನೇ ಬ್ಯಾಕಪ್ ಆರಂಭಿಸಿದಾಗ ಗೊತ್ತಾಯಿತು. ಸೇವೆಗಳೆಲ್ಲ ‘ಸಿಸ್ಟಮ್’ ಗುಂಪಿನಲ್ಲಿದ್ದರೆ ನನ್ನ ಲಾಗಿನ್ ‘ಯೂಸರ್’ ಗುಂಪಿನಲ್ಲಿತ್ತು. ಎರಡು ಗುಂಪಿಗೂ ತಲಾ 100 ಇದ್ದುದರಿಂದ ಪಿಎಚ್‌ಪಿಯ 800 ಅಲ್ಲಿ ಲೆಕ್ಕಕ್ಕೇ ಬರಲಿಲ್ಲ, ಬ್ಯಾಕಪ್ ಒಟ್ಟು ಪ್ರೊಸೆಸರ್ ಶಕ್ತಿಯ ಅರ್ಧವನ್ನು ನುಂಗಿತು. ಸಿಸ್ಟಮ್ ಗುಂಪಿನ ತೂಕವನ್ನೇ ಹೆಚ್ಚಿಸಿದ ಮೇಲೆ ಸಮಸ್ಯೆ ಬಗೆಹರಿಯಿತು.

ಆದ್ದರಿಂದ ಈ ಯೋಜನೆಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಹರಾಜಿನ ಹೊತ್ತಿನಲ್ಲಿ ಎಸ್‌ಟಿ ಅಂಕಿ ಎರಡು ಮೂರನ್ನು ದಾಟದವರು ಇದನ್ನು ಕೊಳ್ಳುವ ಅಗತ್ಯವಿಲ್ಲ. ಅವರಿಗೆ ಸಿಸ್ಟಮ್‌ಡಿಯ ತೂಕಗಳೇ ಸಾಕು. ನಾನು ತೂಕವನ್ನು ಮೊದಲೇ ಸರಿಪಡಿಸಿದ್ದರೂ ಯೋಜನೆ ಬದಲಿಸಲೇಬೇಕಿತ್ತು, ಏಕೆಂದರೆ ಹೊರಗಿನವರು ಕಸಿದುಕೊಂಡ ಸಮಯವನ್ನು ಒಳಗಿನ ಯಾವ ತೂಕವೂ ಮರಳಿ ತಾರದು. ಕಂಪನಿಯ ನಿಯಂತ್ರಣ ಪುಟದ ನಕ್ಷೆಯಲ್ಲಿ ಎಸ್‌ಟಿ ಅಂಕಿಯನ್ನು ಇನ್ನೂ ತೋರಿಸುತ್ತಿಲ್ಲ. ಹಂಗಾಮು ಮುಗಿದ ಮೇಲೆ ಅಗ್ಗದ ಯೋಜನೆಗೆ ಇಳಿಯೋಣವೆಂದರೆ, ಬದಲಾವಣೆಯ ವೇಳೆ ಹಿಗ್ಗಿಸಿದ ಡಿಸ್ಕನ್ನು ಕುಗ್ಗಿಸಲು ಬರುವುದಿಲ್ಲ, ಹೊಸ ಸರ್ವರ್ ತೆಗೆದುಕೊಂಡು ಎಲ್ಲವನ್ನೂ ಸಾಗಿಸಿಕೊಳ್ಳಿ ಎನ್ನುತ್ತಾರೆ. ಮೇಲೇರುವಾಗ ಈ ಮಾತನ್ನು ಯಾರೂ ಹೇಳಿರಲಿಲ್ಲ. ಮಂಡಿಯ ಮಾಲೀಕರು ಲೆಕ್ಕ ನೋಡಿ, ಮುಂದಿನ ಹಂಗಾಮಿನವರೆಗೆ ಇದೇ ಇರಲಿ ಎಂದಿದ್ದಾರೆ.