ವ್ಯಸನಮುಕ್ತಿ ಕೇಂದ್ರದ ಒಪ್ಪಂದ ಪತ್ರ: ಸಹಿಗೆ ಮೊದಲು ಓದಬೇಕಾದ ಸಾಲುಗಳು

ತಮ್ಮನನ್ನು, ಅವನದೇ ಒಪ್ಪಿಗೆಯ ಮೇಲೆ, ಮದ್ಯವ್ಯಸನದ ಚಿಕಿತ್ಸೆಗೆಂದು ಬೆಂಗಳೂರಿನ ಖಾಸಗಿ ಕೇಂದ್ರವೊಂದಕ್ಕೆ ಸೇರಿಸಿದ ದಿನ ನಮ್ಮ ಮುಂದೆ 4 ಪುಟಗಳ ಒಪ್ಪಂದ ಪತ್ರವನ್ನಿಟ್ಟರು. ಆರೈಕೆಯ ಬಗ್ಗೆ ನನಗೆ ದೂರಿಲ್ಲ. ಮೊದಲ ರಾತ್ರಿ ಅವನ ಕೈನಡುಕ ಹೆಚ್ಚಾದಾಗ ನರ್ಸ್ ಒಬ್ಬರು ಲೋಟವನ್ನು ತಾವೇ ಹಿಡಿದು ನೀರು ಕುಡಿಸಿದ್ದನ್ನು ಮರೆಯಲಾರೆ.

ಆದರೆ ಪತ್ರದ ಮೂರನೆಯ ಪುಟದಲ್ಲಿ, ಸಣ್ಣ ಅಕ್ಷರಗಳಲ್ಲಿ, ರೋಗಿಯು 90 ದಿನ ಮುಗಿಯುವ ಮೊದಲು ಹೊರಹೋಗುವಂತಿಲ್ಲ, ಹೋದರೆ ಮುಂಗಡ ಹಣ ಮರಳುವುದಿಲ್ಲ ಎಂಬ ಷರತ್ತಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಸ್ವಇಚ್ಛೆಯಿಂದ ದಾಖಲಾದ ವಯಸ್ಕನು ಬಿಡುಗಡೆ ಕೇಳಿದರೆ, ಕಾಯ್ದೆ ಹೇಳುವ ಕೆಲವು ಕಾರಣಗಳಿದ್ದಾಗ ಪರೀಕ್ಷೆಗಾಗಿ 24 ಗಂಟೆ ತಡೆಯಬಹುದೇ ಹೊರತು, ತಿಂಗಳುಗಟ್ಟಲೆ ಇರಿಸಿಕೊಳ್ಳಲು ಒಪ್ಪಂದದ ಒಂದು ಸಾಲು ಸಾಲದು. ಅದೇ ಕಾಯ್ದೆಯ 21ನೆಯ ಸೆಕ್ಷನ್, ದೈಹಿಕ ಕಾಯಿಲೆಗಳಿಗೆ ಇರುವ ಆಧಾರದ ಮೇಲೆಯೇ ಮಾನಸಿಕ ಅಸ್ವಸ್ಥತೆಗೂ ವಿಮೆ ಒದಗಿಸಬೇಕೆನ್ನುತ್ತದೆ. ಪತ್ರದಲ್ಲಿ ವಿಮೆಯ ಮಾತೇ ಇರಲಿಲ್ಲ.

ನಾನು ಪಟ್ಟು ಹಿಡಿದ ಮೇಲೆ ಆಡಳಿತಾಧಿಕಾರಿಗಳು 90 ದಿನದ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದರು. ಮುಂಗಡದ ಷರತ್ತನ್ನು ಮಾತ್ರ ಬಿಡಲಿಲ್ಲ. ಚಿಕಿತ್ಸೆಗಾಗಿ ಈ ಕೇಂದ್ರವನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ, ಒಪ್ಪಂದಕ್ಕಾಗಿ ಖಂಡಿತ ಇಲ್ಲ.